ಆರಂಭದ ಹಂತ ದಾಟಿದ ಮೇಲೆ: ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಓದುವವರಿಗೆ

ಫ್ರೆಂಚ್‌ನಲ್ಲಿ ಪರಿಚಯ ಹೇಳಿಕೊಳ್ಳಲು, ದಾರಿ ಕೇಳಲು, ನಿನ್ನೆ ಏನು ಮಾಡಿದೆ ಎಂದು ನಾಲ್ಕು ಸಾಲು ಬರೆಯಲು ಬರುತ್ತದೆ. ಕ್ರಿಯಾಪದಗಳ ಪಟ್ಟಿ ಬಾಯಿಪಾಠವಾಗಿದೆ. ಇಷ್ಟು ಬಂಡವಾಳ ಹಿಡಿದು ವಿಶ್ವವಿದ್ಯಾಲಯದ ಮುಂದಿನ ತರಗತಿಗೆ ಹೋದವರಿಗೆ ಮೊದಲ ತಿಂಗಳಲ್ಲೇ ಗೊಂದಲ ಶುರುವಾಗುತ್ತದೆ. ಪಾಠವೇನೋ ಅರ್ಥವಾಗುತ್ತದೆ, ಬರೆದುಕೊಟ್ಟ ಪ್ರಬಂಧ ಮಾತ್ರ ಮೈತುಂಬ ಕೆಂಪು ಗೆರೆ ಹೊತ್ತು ವಾಪಸ್ ಬರುತ್ತದೆ. ಆರಂಭದ ತರಗತಿಯಲ್ಲಿ ನಿಮಗೆ ಎಷ್ಟು ಫ್ರೆಂಚ್ ಗೊತ್ತು ಎಂದು ನೋಡುತ್ತಿದ್ದರು. ಇಲ್ಲಿ ಫ್ರೆಂಚ್‌ನಲ್ಲಿ ಏನು ಯೋಚಿಸಿದ್ದೀರಿ, ಅದನ್ನು ಯಾವ ಕ್ರಮದಲ್ಲಿ ಇಟ್ಟಿದ್ದೀರಿ ಎಂದು ನೋಡುತ್ತಾರೆ. ಓದುವ ರೀತಿ ಬದಲಾಗದೆ ಅಂಕ ಬದಲಾಗುವುದಿಲ್ಲ. ಬಿ1 ಎಂದು ಕರೆಯುವ ಮಧ್ಯಮ ಮಟ್ಟದ ಆಸುಪಾಸಿನಲ್ಲಿದ್ದು ಮುಂದಕ್ಕೆ ಹೋಗಬೇಕೆನ್ನುವವರಿಗೆ ಈ ಬರಹ.

ಹಂತ 1: ಎಲ್ಲಿದ್ದೀರಿ ಎಂದು ಗೊತ್ತುಮಾಡಿಕೊಳ್ಳಿ

ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಆರು ಮಟ್ಟಗಳಿವೆ: ಎ1, ಎ2, ಬಿ1, ಬಿ2, ಸಿ1, ಸಿ2. 'ನನ್ನದು ಬಿ1' ಎಂದು ಒಂದೇ ಮಾತಿನಲ್ಲಿ ಹೇಳುವವರ ನಿಜಸ್ಥಿತಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಓದಿದ್ದು ಬಿ2 ಮಟ್ಟದಲ್ಲಿ ಅರ್ಥವಾಗುತ್ತದೆ, ಕೇಳಿದ್ದು ಎ2ರಲ್ಲೇ ನಿಂತಿದೆ, ಬರವಣಿಗೆ ಎಲ್ಲೋ ನಡುವೆ. ಆದ್ದರಿಂದ ನಾಲ್ಕು ಸಾಮರ್ಥ್ಯಗಳನ್ನೂ ಬೇರೆಬೇರೆಯಾಗಿ ಅಳೆದುಕೊಳ್ಳಿ. ಫ್ರೆಂಚ್ ಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಡೆಲ್ಫ್ ಪರೀಕ್ಷೆಯ ಮಾದರಿ ಪ್ರಶ್ನೆಪತ್ರಿಕೆಗಳು ಅದನ್ನು ನಡೆಸುವ ಫ್ರಾನ್ಸ್ ಎಜುಕಾಸಿಯೋಂ ಇಂಟರ್ನ್ಯಾಶನಲ್ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗಡಿಯಾರ ಎದುರಿಗಿಟ್ಟುಕೊಂಡು ಒಂದನ್ನು ಪೂರ್ತಿ ಬರೆದು ನೋಡಿ.

ವಿಭಾಗದವರು ಮಟ್ಟದ ಪರೀಕ್ಷೆ ಇಟ್ಟರೆ ಅದಕ್ಕೆಂದು ಹಿಂದಿನ ರಾತ್ರಿ ಗಟ್ಟಿಹೊಡೆಯಬೇಡಿ. ಅಲ್ಲಿ ಹೆಚ್ಚು ಅಂಕ ಬಂದು ನಿಮ್ಮದಲ್ಲದ ತರಗತಿ ಸಿಕ್ಕರೆ ಇಡೀ ಸೆಮಿಸ್ಟರ್ ಅದರ ಬೆಲೆ ತೆರಬೇಕಾಗುತ್ತದೆ. ಎರಡು ತರಗತಿಗಳ ನಡುವೆ ಆಯ್ಕೆ ನಿಮಗೇ ಬಿಟ್ಟಿದ್ದರೆ ನನ್ನ ಸಲಹೆ ಹೀಗೆ: ಮಾತು ಮಾತ್ರ ಹಿಂದಿದ್ದರೆ ಮೇಲಿನ ತರಗತಿ ತೆಗೆದುಕೊಳ್ಳಿ, ಮಾತು ಬೇಗ ಕೂಡಿಕೊಳ್ಳುತ್ತದೆ. ಬರವಣಿಗೆ ಹಿಂದಿದ್ದರೆ ಕೆಳಗಿನದೇ ಇರಲಿ.

ಬಿ1ರಿಂದ ಬಿ2ಕ್ಕೆ ಸುಮಾರು 200 ಗಂಟೆಯ ಪಾಠ ಬೇಕು ಎನ್ನುವುದು ಭಾಷಾ ಶಾಲೆಗಳ ಸಾಮಾನ್ಯ ಅಂದಾಜು. ವಾರಕ್ಕೆ ನಾಲ್ಕು ಗಂಟೆಯಂತೆ 14 ವಾರ ನಡೆಯುವ ತರಗತಿಯಿಂದ ಒಂದು ಸೆಮಿಸ್ಟರಿಗೆ ಸಿಗುವುದು 56 ಗಂಟೆ. ಉಳಿದದ್ದನ್ನು ತುಂಬಿಕೊಳ್ಳುವುದು ನಿಮ್ಮ ಪಾಲಿನ ಕೆಲಸ.

ಹಂತ 2: ಹೊಸ ವ್ಯಾಕರಣಕ್ಕೆ ಮೊದಲು ಹಳೆಯ ಬಿರುಕು ಮುಚ್ಚಿ

ಈ ಹಂತಕ್ಕೆ ಬಂದವರಿಗೆಲ್ಲ ಸುಬ್ಜೊಂಕ್ತಿಫ್ ಎಂಬ ಸಂಭಾವನಾರ್ಥಕದ ಭಯ. ಆದರೆ ಅಂಕ ಹೆಚ್ಚು ಸೋರುವುದು ಹಳೆಯ ಪಾಠಗಳಲ್ಲಿ: ಲಿಂಗ, ಎರಡು ಭೂತಕಾಲಗಳ ಬಳಕೆ, ಕ್ರಿಯಾಪದಕ್ಕೆ ಅಂಟುವ ವಿಭಕ್ತಿಪದ (ಇಂಗ್ಲಿಷಿನ ಪ್ರಿಪೊಸಿಷನ್), ಸಂಬಂಧ ಸರ್ವನಾಮ.

ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಫ್ರೆಂಚ್‌ನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು, ಕಾರಣ ಕೇಳುವಂತಿಲ್ಲ. ಆದರೂ ಪದದ ಬಾಲ ನೋಡಿ ಬಹುಪಾಲು ಊಹಿಸಬಹುದು. 'ಸಿಯೋಂ', 'ತೆ', 'ಆಂಸ್', 'ಎತ್' ಎಂದು ಮುಗಿಯುವವು ಹೆಚ್ಚಾಗಿ ಸ್ತ್ರೀಲಿಂಗ. 'ಆಝ್', 'ಮಾಂ', 'ಇಸ್ಮ್' ಎಂದು ಮುಗಿಯುವವು ಹೆಚ್ಚಾಗಿ ಪುಲ್ಲಿಂಗ. ಅಪವಾದಗಳನ್ನು ಬೇರೆ ಪುಟದಲ್ಲಿ ಬರೆದಿಟ್ಟುಕೊಳ್ಳಿ: ಚಿತ್ರ ಎಂಬರ್ಥದ 'ಇಮಾಝ್', ಪುಟ ಎಂಬರ್ಥದ 'ಪಾಝ್', ಕಡಲತೀರ ಎಂಬರ್ಥದ 'ಪ್ಲಾಝ್' ಮೂರೂ ಸ್ತ್ರೀಲಿಂಗ. ಇನ್ನು ಮುಂದೆ ಹೊಸ ನಾಮಪದವನ್ನು ಒಂಟಿಯಾಗಿ ಕಲಿಯಲೇಬೇಡಿ. ಮುಂದೆ 'ಅಂ' ಅಥವಾ 'ಯೂನ್' ಸೇರಿಸಿಯೇ ಬಾಯಿಗೆ ತಂದುಕೊಳ್ಳಿ.

ಸಂಬಂಧ ಸರ್ವನಾಮದ ಹತ್ತಿರ ಸ್ವಲ್ಪ ನಿಲ್ಲಬೇಕು. ಕನ್ನಡಿಗರ ಕೈ ತಡವರಿಸುವ ಜಾಗ ಅದು. 'ನಾನು ಬರೆಯುವ ಪೆನ್ನು', 'ನಾನು ಬಂದ ಊರು', 'ನಾನು ಯೋಚಿಸುತ್ತಿರುವ ವಿಷಯ', 'ನನಗೆ ನೆನಪಿರುವ ಮನೆ': ನಾಲ್ಕರಲ್ಲೂ ನಾವು ಕ್ರಿಯಾಪದಕ್ಕೊಂದು ಬಾಲ ಸೇರಿಸಿ ಮುಂದೆ ಹೋಗುತ್ತೇವೆ. ಪೆನ್ನಿನಿಂದ ಬರೆಯುವುದು, ಊರಿನಿಂದ ಬರುವುದು, ವಿಷಯದ ಕುರಿತು ಯೋಚಿಸುವುದು ಎಂಬ ಸಂಬಂಧವನ್ನು ಕನ್ನಡ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವರು ಊಹಿಸಿಕೊಳ್ಳುತ್ತಾರೆ. ಫ್ರೆಂಚ್ ಹೇಳಿಸಿಯೇ ಬಿಡುತ್ತದೆ: ಪೆನ್ನಿಗೆ 'ಅವೆಕ್ ಲಕೆಲ್', ಊರಿಗೆ 'ದೂ', ವಿಷಯಕ್ಕೆ 'ಓಕೆಲ್', ಮನೆಗೆ 'ದೋಂ'.

ಇದನ್ನು ನಾಲ್ಕು ಬೇರೆಬೇರೆ ನಿಯಮಗಳೆಂದು ಓದಿದರೆ ತಲೆ ಕೆಡುತ್ತದೆ. ಒಂದು ಕಡೆ ಸರಿಮಾಡಿಕೊಂಡರೆ ಮೂರು ಕಡೆ ಸರಿಹೋಗುವ ಉಪಾಯವಿದೆ. ಕ್ರಿಯಾಪದವನ್ನು ಅದರ ವಿಭಕ್ತಿಪದದ ಜೊತೆಯಲ್ಲೇ ಕಲಿಯಿರಿ. 'ಯೋಚಿಸು' ಎಂಬರ್ಥದ 'ಪಾಂಸೆ' ನಂತರ 'ಆ' ಬರುತ್ತದೆ, 'ನೆನಪಿಸಿಕೊಳ್ಳು' ಎಂಬರ್ಥದ 'ಸ ಸೂವನೀರ್' ನಂತರ 'ದ' ಬರುತ್ತದೆ. 'ಆ' ಬೇಡುವ ಕ್ರಿಯಾಪದಕ್ಕೆ ವಸ್ತುವಿನ ವಿಷಯದಲ್ಲಿ ಸರ್ವನಾಮ 'ಇ', ಸಂಬಂಧಪದ 'ಓಕೆಲ್'. 'ದ' ಬೇಡುವುದಕ್ಕೆ ಸರ್ವನಾಮ 'ಆಂ', ಸಂಬಂಧಪದ 'ದೋಂ'. ಪ್ರಶ್ನೆ ಕೇಳುವಾಗಲೂ ಅದೇ ಪದ ವಾಕ್ಯದ ಮುಂದಕ್ಕೆ ಬರುತ್ತದೆ. ದಿನಬಳಕೆಯ ಐವತ್ತು ಕ್ರಿಯಾಪದಗಳನ್ನು ಹೀಗೆ ಜೋಡಿಯಾಗಿ ಕಲಿತರೆ, ವ್ಯಾಕರಣ ಪುಸ್ತಕದ ಮೂರು ಅಧ್ಯಾಯಗಳು ತಾವಾಗಿಯೇ ಹಗುರಾಗುತ್ತವೆ.

ಸುಬ್ಜೊಂಕ್ತಿಫ್‌ಗೆ ಇಷ್ಟು ಹೆದರಿಕೆ ಬೇಕಿಲ್ಲ. ಅದನ್ನು ಎಳೆದು ತರುವ ಪದಗುಚ್ಛಗಳನ್ನು ಹಿಡಿದರೆ ಮುಕ್ಕಾಲು ಕೆಲಸ ಮುಗಿಯಿತು: 'ಆದರೂ' ಎನ್ನುವ 'ಬಿಯಾಂ ಕ', 'ಮೊದಲು' ಎನ್ನುವ 'ಅವಾಂ ಕ', 'ಹಾಗಾಗಲಿ ಎಂದು' ಎನ್ನುವ 'ಪೂರ್ ಕ'. ಪರೀಕ್ಷಕರು ಹುಡುಕುವ ಹೊಂಡಗಳು ಎರಡು. 'ನಂತರ' ಎನ್ನುವ 'ಆಪ್ರೆ ಕ', 'ಆಶಿಸು' ಎನ್ನುವ 'ಎಸ್ಪೆರೆ ಕ' ಇವೆರಡರ ಬಳಿಕ ಸಾಧಾರಣ ನಿರ್ದೇಶಾರ್ಥಕವೇ ಬರಬೇಕು. 'ಆಪ್ರೆ ಕ' ವಿಷಯದಲ್ಲಿ ಫ್ರೆಂಚರೇ ದಿನವೂ ಎಡವುತ್ತಾರೆ. ನಿಮ್ಮ ಉತ್ತರಪತ್ರಿಕೆಗೆ ಆ ರಿಯಾಯಿತಿ ಇರುವುದಿಲ್ಲ.

ವಾಪಸ್ ಬಂದ ಪ್ರತಿ ಪ್ರಬಂಧದ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ವಿಂಗಡಿಸಿ ಬರೆಯಿರಿ: ಲಿಂಗ, ಕಾಲ, ವಿಭಕ್ತಿಪದ, ಹೊಂದಾಣಿಕೆ. ಮೂರು ನಾಲ್ಕು ಪ್ರಬಂಧ ಆಗುವಷ್ಟರಲ್ಲಿ ನಿಮ್ಮದೇ ತಪ್ಪುಗಳ ಜಾತಕ ಕೈಗೆ ಸಿಗುತ್ತದೆ. ಮುಂದಿನ ಪ್ರಬಂಧ ಕೊಡುವ ಮುಂಚೆ ಆ ಪಟ್ಟಿ ಹಿಡಿದು ಒಂದೊಂದೇ ತಪ್ಪಿಗಾಗಿ ಬೇರೆಬೇರೆಯಾಗಿ ತಿದ್ದುಓದು ಮಾಡಿ. ಒಂದೇ ಓದಿನಲ್ಲಿ ಎಲ್ಲ ತಪ್ಪನ್ನೂ ಹಿಡಿಯುತ್ತೇನೆಂದು ಕೂತರೆ ಯಾವುದೂ ಸಿಗುವುದಿಲ್ಲ.

ಹಂತ 3: ಓದಲು ಕೂರುವಾಗ

ಮೊದಲ ಕಾದಂಬರಿಯನ್ನು ಕೊಳ್ಳುವ ಮುಂಚೆ ಅದು ಯಾವ ಭೂತಕಾಲದಲ್ಲಿದೆ ಎಂದು ನೋಡಿ. ಫ್ರೆಂಚ್ ಕಥನ ಸಾಹಿತ್ಯದ ದೊಡ್ಡ ಭಾಗ 'ಪಾಸೆ ಸಾಂಪ್ಲ್' ಎಂಬ ಭೂತಕಾಲದಲ್ಲಿದೆ. ಇವತ್ತು ಯಾರೂ ಅದನ್ನು ಮಾತಿನಲ್ಲಿ ಬಳಸುವುದಿಲ್ಲ. ಆಲ್ಬೇರ್ ಕಾಮು 1942ರ 'ಲೆತ್ರಾಂಝೆ'ಯನ್ನು ಬಹುಪಾಲು ಮಾತಿನ ಭೂತಕಾಲವಾದ 'ಪಾಸೆ ಕಾಂಪೋಸೆ'ಯಲ್ಲೇ, ಚಿಕ್ಕ ವಾಕ್ಯಗಳಲ್ಲಿ ಬರೆದರು. ಅನೇಕ ವಿಭಾಗಗಳಲ್ಲಿ ಮೊದಲ ಪಠ್ಯವಾಗಿ ಅದು ಕಾಣಿಸಿಕೊಳ್ಳಲು ಇದೂ ಒಂದು ಕಾರಣ. 2022ರ ನೊಬೆಲ್ ಪಡೆದ ಆನಿ ಎರ್ನೋ ತಮ್ಮ ಶೈಲಿಯನ್ನು 'ಸಪಾಟು ಬರವಣಿಗೆ' ಎಂದು ತಾವೇ ಕರೆದುಕೊಂಡವರು. ಅಲಂಕಾರವಿಲ್ಲದ ಆ ಗದ್ಯವೂ ಈ ಹಂತಕ್ಕೆ ಒಗ್ಗುತ್ತದೆ. ಹತ್ತೊಂಬತ್ತನೆಯ ಶತಮಾನದ ದಪ್ಪ ಕಾದಂಬರಿಗಳನ್ನು ಹೆಸರಿಗಾಗಿ ಮೊದಲೇ ಎತ್ತಿಕೊಂಡು ನಲವತ್ತನೇ ಪುಟದಲ್ಲಿ ಕೈಬಿಡುವವರೇ ಜಾಸ್ತಿ.

ಪಾಸೆ ಸಾಂಪ್ಲ್ ಬರೆಯುವುದನ್ನು ಕಲಿಯಬೇಕಿಲ್ಲ, ಗುರುತು ಹಿಡಿದರೆ ಸಾಕು. ಅದೂ ಪ್ರಥಮ ಪುರುಷದ ರೂಪಗಳು: ಇದ್ದ ಎನ್ನುವ 'ಫ್ಯು', ಹೊಂದಿದ್ದ ಎನ್ನುವ 'ಯು', ಮಾಡಿದ ಎನ್ನುವ 'ಫಿ', ಬಂದ ಎನ್ನುವ 'ವಾಂ', ತೆಗೆದುಕೊಂಡ ಎನ್ನುವ 'ಪ್ರಿ'. 'ವಿ' ಎಂಬುದು ನೋಡಿದ ಎಂದೂ ಆಗಬಹುದು, ಬದುಕುತ್ತಾನೆ ಎಂದೂ ಆಗಬಹುದು. ಸಂದರ್ಭ ನೋಡಿ ನಿರ್ಧರಿಸಿ.

ಒಂದು ಅಧ್ಯಾಯವನ್ನು ಮೊದಲ ಸಲ ನಿಘಂಟು ಮುಚ್ಚಿಟ್ಟು ಓದಿ. ಎರಡನೇ ಸಲ, ಮೂರಕ್ಕಿಂತ ಹೆಚ್ಚು ಕಡೆ ಬಂದ ಪದಗಳನ್ನೂ ತಿಳಿಯದೆ ಕಥೆಯೇ ಮುಂದೆ ಹೋಗದ ಪದಗಳನ್ನೂ ಮಾತ್ರ ಹುಡುಕಿ. ಹುಡುಕುವುದು ಫ್ರೆಂಚ್‌ನಿಂದ ಫ್ರೆಂಚ್‌ಗೆ ಇರುವ ನಿಘಂಟಿನಲ್ಲಿ. ಲಾರೂಸ್‌ನ ಅಂತರ್ಜಾಲ ನಿಘಂಟು ಉಚಿತ. ಹಳೆಯ ಸಾಹಿತ್ಯಕ್ಕೆ 'ತ್ರೆಝೋರ್ ದ ಲಾ ಲಾಂಗ್ ಫ್ರಾಂಸೇಝ್' ಎಂಬ ಮಹಾನಿಘಂಟು ಕೂಡ ಉಚಿತವಾಗಿಯೇ ಇದೆ. ಲೇಖಕರು ಬಳಸಿದ ಉದಾಹರಣೆ ವಾಕ್ಯಗಳಿಂದ ಅದು ತುಂಬಿದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು ಬೇಕಾದರೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ 'ಗಾಲಿಕಾ' ಇದೆ.

ಹಂತ 4: ದಿಸೆರ್ತಾಸಿಯೋಂ ಬರೆಯುವ ಬಗೆ

ಫ್ರೆಂಚ್ ವಿದ್ಯಾಭ್ಯಾಸದ ಬೆನ್ನೆಲುಬು ಈ ಪ್ರಬಂಧ ಪ್ರಕಾರ. ನಿಮ್ಮ ವಿಭಾಗ ಇದನ್ನು ಕಡ್ಡಾಯ ಮಾಡದಿದ್ದರೂ ಕಲಿಯಿರಿ. ಇದರ ಮೂಲಕ ಫ್ರೆಂಚ್ ವಾದದ ನಡಿಗೆ ತಿಳಿಯುತ್ತದೆ. ಇಂಗ್ಲಿಷ್ ಪ್ರಬಂಧದಲ್ಲಿ ಮೊದಲ ಪ್ಯಾರಾದಲ್ಲೇ ನಿಮ್ಮ ನಿಲುವು ಹೇಳಿ ಆಮೇಲೆ ಸಮರ್ಥಿಸುವುದು ವಾಡಿಕೆ. ದಿಸೆರ್ತಾಸಿಯೋಂನಲ್ಲಿ ಪೀಠಿಕೆ ಪ್ರಶ್ನೆಯೊಂದಿಗೆ ನಿಲ್ಲುತ್ತದೆ, ಉತ್ತರ ಕೊನೆಗೆ ಸಿದ್ಧವಾಗುತ್ತದೆ.

ಪೀಠಿಕೆಯಲ್ಲಿ ಕ್ರಮವಾಗಿ ಬರಬೇಕಾದವು: ವಿಷಯಕ್ಕೆ ಕರೆತರುವ ಒಂದೆರಡು ವಾಕ್ಯ, ಪ್ರಶ್ನೆಯಲ್ಲಿರುವ ಮುಖ್ಯ ಪದಗಳ ವಿವರಣೆ, 'ಪ್ರಾಬ್ಲೆಮಾತಿಕ್' ಎಂಬ ಕೇಂದ್ರ ಪ್ರಶ್ನೆ, ಮುಂದೆ ಯಾವ ಭಾಗದಲ್ಲಿ ಏನು ಹೇಳುತ್ತೀರಿ ಎಂಬ ಘೋಷಣೆ. ಒಡಲಿನಲ್ಲಿ ಎರಡು ಅಥವಾ ಮೂರು ಭಾಗ, ಪ್ರತಿ ಭಾಗಕ್ಕೂ ಎರಡು ಮೂರು ಉಪವಾದ, ಭಾಗದಿಂದ ಭಾಗಕ್ಕೆ ದಾಟಿಸುವ ಸೇತುವಾಕ್ಯ. ಸಾಹಿತ್ಯದ ದಿಸೆರ್ತಾಸಿಯೋಂನಲ್ಲಿ ಉಪಶೀರ್ಷಿಕೆ ಹಾಕುವಂತಿಲ್ಲ. ಕಾನೂನು ಓದುವವರು ಮಾತ್ರ ಎರಡು ಭಾಗ ಮಾಡಿ ಶೀರ್ಷಿಕೆ ಹಾಕಲೇಬೇಕು. ಅಲ್ಲಿಯ ಶಿಸ್ತೇ ಬೇರೆ.

ಪ್ರಾಬ್ಲೆಮಾತಿಕ್ ಎಂದರೆ ಕೊಟ್ಟ ಪ್ರಶ್ನೆಯನ್ನು ತಿರುಗಿಸಿ ಬರೆಯುವುದಲ್ಲ, ಅದರೊಳಗಿನ ಜಗಳವನ್ನು ಹೊರಗೆಳೆಯುವುದು. 'ಸಾಹಿತ್ಯ ಸಮಾಜವನ್ನು ಬದಲಿಸಬಲ್ಲದೇ?' ಎಂದು ಕೇಳಿದ್ದಾರೆ ಎನ್ನಿ. ಮೊದಲ ಭಾಗದಲ್ಲಿ ಬಲ್ಲದು ಎನ್ನಲು ಕಾದಂಬರಿಕಾರ ಎಮಿಲ್ ಝೋಲಾ ಇದ್ದಾರೆ. 1898ರ ಜನವರಿ 13ರಂದು 'ಲೋರೋರ್' ಪತ್ರಿಕೆಯ ಮುಖಪುಟದಲ್ಲಿ, ದೇಶದ್ರೋಹದ ಸುಳ್ಳು ಆರೋಪದಲ್ಲಿ ಶಿಕ್ಷೆಗೊಳಗಾಗಿದ್ದ ಸೇನಾಧಿಕಾರಿ ಡ್ರೇಫುಸ್ ಪರವಾಗಿ ಅವರು ಬರೆದ ಬಹಿರಂಗ ಪತ್ರ ಇಡೀ ದೇಶವನ್ನು ಅಲುಗಾಡಿಸಿತು. ಎರಡನೆಯ ಭಾಗದಲ್ಲಿ ತೆಯೋಫಿಲ್ ಗೋತಿಯೇ: 1835ರ ತಮ್ಮ ಕಾದಂಬರಿ 'ಮದ್‌ಮ್ವಾಝೆಲ್ ದ ಮೋಪಾಂ'ಗೆ ಬರೆದ ಪ್ರಸಿದ್ಧ ಮುನ್ನುಡಿಯಲ್ಲಿ ಅವರು ಕಲೆಗೆ ಉಪಯೋಗದ ಹೊರೆಯೇ ಬೇಡ ಎಂದು ವಾದಿಸಿದರು. ಇಲ್ಲಿಗೆ ನಿಲ್ಲಿಸಿ ಮೂರನೆಯ ಭಾಗದಲ್ಲಿ 'ಎರಡೂ ಸ್ವಲ್ಪ ಸ್ವಲ್ಪ ನಿಜ' ಎಂದರೆ ಕೆಲಸ ಕೆಟ್ಟಿತು. ಅತಿ ಹೆಚ್ಚು ಪ್ರಬಂಧಗಳು ಸಾಯುವುದು ಇದೇ ವಾಕ್ಯದಲ್ಲಿ. ಮೂರನೆಯ ಭಾಗ ಪ್ರಶ್ನೆಯ ನೆಲವನ್ನೇ ಸರಿಸಬೇಕು. ಝೋಲಾರ ಆ ಬರಹ ಕಾದಂಬರಿಯಲ್ಲ, ಪತ್ರಿಕೆಯ ಪತ್ರ. ಹಾಗಾದರೆ ಅಂದು ಕೆಲಸ ಮಾಡಿದ್ದು ಸಾಹಿತ್ಯವೋ, ಸಾಹಿತಿಯ ಹೆಸರಿಗಿದ್ದ ತೂಕವೋ? ಯಾವುದನ್ನು ಅನ್ಯಾಯ ಎಂದು ಓದುಗ ಗುರುತಿಸುತ್ತಾನೋ ಆ ಗುರುತಿಸುವಿಕೆಯನ್ನೇ ಕಾದಂಬರಿ ನಿಧಾನವಾಗಿ ಬದಲಿಸಿದರೆ ಅದನ್ನೂ ಸಮಾಜದ ಬದಲಾವಣೆ ಎನ್ನಬಹುದೇ? ಇಂಥ ತಿರುವು ಸಿಕ್ಕ ಮೇಲೆಯೇ ಬರೆಯಲು ಶುರುಮಾಡಿ. ಫ್ರಾನ್ಸಿನಲ್ಲಿ ನಾಲ್ಕು ಗಂಟೆಯ ದಿಸೆರ್ತಾಸಿಯೋಂ ಪರೀಕ್ಷೆ ಮಾಮೂಲು. ಅದರಲ್ಲಿ ಮೊದಲ ಒಂದು ಗಂಟೆ ಯೋಜನೆಗೇ ಹೋದರೂ ನಷ್ಟವಿಲ್ಲ. ಪೀಠಿಕೆ ಮತ್ತು ಉಪಸಂಹಾರವನ್ನು ಕರಡು ಹಾಳೆಯಲ್ಲಿ ಪೂರ್ತಿ ಬರೆದುಕೊಳ್ಳಿ, ಉಳಿದದ್ದನ್ನು ನೇರ ಉತ್ತರಪತ್ರಿಕೆಗೆ ಬರೆಯಿರಿ.

ವಾದ ಕಟ್ಟುವ ಸಣ್ಣ ಪದಗಳಿಗೆ ವಿಶೇಷ ಗಮನ ಬೇಕು. 'ಮೇ' (ಆದರೆ), 'ಏ' (ಮತ್ತು), 'ದೋಂಕ್' (ಆದ್ದರಿಂದ) ಎಂಬ ಮೂರೇ ಪದಗಳಲ್ಲಿ ಇಡೀ ಪ್ರಬಂಧ ಓಡಿಸುವವರ ಬರಹ ಎಷ್ಟು ಶುದ್ಧವಿದ್ದರೂ ಎ2ರಂತೆಯೇ ಕೇಳುತ್ತದೆ. 'ಸೆರ್ತ್... ಮೇ' ಎಂಬ ಜೋಡಿ ಎದುರಾಳಿಯ ಮಾತನ್ನು ಒಪ್ಪಿಕೊಂಡು ಮೀರುತ್ತದೆ. 'ಆಂ ರವಾಂಶ್' ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸುತ್ತದೆ. 'ಓರ್' ಎಂಬ ಪುಟ್ಟ ಪದ ಇದುವರೆಗಿನ ವಾದಕ್ಕೆ ತಿರುವು ಕೊಡುವ ಹೊಸ ಸಂಗತಿಯನ್ನು ಒಳಗೆ ತರುತ್ತದೆ. ಅದನ್ನು ಸರಿಯಾದ ಜಾಗದಲ್ಲಿ ಬಳಸಿದ ವಿದ್ಯಾರ್ಥಿಯನ್ನು ಪರೀಕ್ಷಕರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಪದ ಮರುಕಳಿಸುವುದನ್ನು ಫ್ರೆಂಚ್ ಗದ್ಯ ಸಹಿಸುವುದಿಲ್ಲ ಎನ್ನುವುದನ್ನೂ ನೆನಪಿಡಿ. 'ನಾನು' ಎಂಬುದಕ್ಕೆ ಬದಲು 'ನಾವು' ಎನ್ನುವ 'ನೂ' ಅಥವಾ ಯಾರನ್ನೂ ಹೆಸರಿಸದ 'ಓಂ' ಇರಲಿ.

'ಕೊಮಾಂತೇರ್' ಎಂಬ ಪಠ್ಯ ವಿಶ್ಲೇಷಣೆಗೆ ಒಂದೇ ಮಾತು ಸಾಕು: ಲೇಖಕ ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳಬೇಡಿ. ಯಾವ ಕಾಲ, ಯಾವ ಸರ್ವನಾಮ, ಎಲ್ಲಿ ವಾಕ್ಯ ತುಂಡಾಯಿತು, ಅದರಿಂದ ಅರ್ಥಕ್ಕೆ ಏನಾಯಿತು ಎಂದು ಒಟ್ಟಿಗೆ ಹೇಳಿ.

ಅನುವಾದ ಯಂತ್ರಗಳು, ಬರೆದುಕೊಡುವ ಯಂತ್ರಗಳು ಕೈಯಳತೆಯಲ್ಲೇ ಇವೆ. ವಿಭಾಗದ ನಿಯಮ ಏನೆಂದು ಮೊದಲು ಕೇಳಿ. ಅನುಮತಿ ಇದ್ದರೂ ನೀವು ಪೂರ್ತಿ ಬರೆದು ಮುಗಿಸಿದ ಮೇಲೆ ಮಾತ್ರ ಬಳಸಿ, ಅದೂ 'ತಪ್ಪಿರುವ ಸಾಲನ್ನು ತೋರಿಸು, ತಿದ್ದಬೇಡ' ಎಂದು. ಪ್ರಾಧ್ಯಾಪಕರು ತಿದ್ದಿದ ಪ್ರಬಂಧವನ್ನು ನೋಡಿ ಚೀಲದೊಳಗಿಡಬೇಡಿ. ಒಂದು ವಾರ ಬಿಟ್ಟು, ತಿದ್ದಿದ ಪ್ರತಿ ನೋಡದೆ, ಅದೇ ವಿಷಯವನ್ನು ಮತ್ತೆ ಬರೆಯಿರಿ. ಹೊಸ ವಿಷಯದ ಐದು ಪ್ರಬಂಧಗಳಿಗಿಂತ ಹೀಗೆ ಎರಡು ಸಲ ಬರೆದ ಎರಡು ಪ್ರಬಂಧಗಳು ಹೆಚ್ಚು ಕಲಿಸುತ್ತವೆ ಎನ್ನುವುದು ನನ್ನ ಗಟ್ಟಿ ನಂಬಿಕೆ. ಬೇಜಾರಿನ ಕೆಲಸ, ನಿಜ.

ಹಂತ 5: ಕಿವಿ

'ನನಗೆ ಗೊತ್ತಿಲ್ಲ' ಎಂದು ತರಗತಿಯಲ್ಲಿ ಕಲಿತ 'ಝ ನ ಸೆ ಪಾ' ರಸ್ತೆಯಲ್ಲಿ 'ಶೆ ಪಾ' ಆಗಿರುತ್ತದೆ. 'ಇದೆ' ಎನ್ನುವ 'ಇಲ್ ಇ ಆ' ಎಂಬುದು 'ಯಾ' ಆಗಿರುತ್ತದೆ. ನಿಷೇಧದ 'ನ' ಮಾತಿನಲ್ಲಿ ಬಿದ್ದೇಹೋಗುತ್ತದೆ. ಪದದ ಕೊನೆಯ ವ್ಯಂಜನ ಮುಂದಿನ ಪದದ ಸ್ವರಕ್ಕೆ ಅಂಟುವುದರಿಂದ ಗೊತ್ತಿರುವ ಪದಗಳೂ ಗೊತ್ತಿಲ್ಲದವರಂತೆ ಹಾದುಹೋಗುತ್ತವೆ. ಕೇಳಿದ್ದು ತಿಳಿಯಲಿಲ್ಲ ಎಂದರೆ ಶಬ್ದಸಂಪತ್ತು ಸಾಲದು ಎಂದುಕೊಳ್ಳುವ ಮುಂಚೆ ಬರೆದ ಪ್ರತಿ ತೆಗೆದು ನೋಡಿ. ಬಹಳ ಸಲ ಎಲ್ಲ ಪದಗಳೂ ಪರಿಚಿತವೇ ಆಗಿರುತ್ತವೆ.

ಇದಕ್ಕೆ ಮದ್ದು ಬರೆದುಕೊಳ್ಳುವುದು. ಆರ್‌ಎಫ್‌ಐ ರೇಡಿಯೋದ 'ಝುರ್ನಾಲ್ ಆಂ ಫ್ರಾಂಸೆ ಫಸಿಲ್' ಹತ್ತು ನಿಮಿಷದ ವಾರ್ತೆ, ಬರಹ ರೂಪವೂ ಸಿಗುತ್ತದೆ. ಅದರ ಒಂದು ನಿಮಿಷವನ್ನು ಮತ್ತೆ ಮತ್ತೆ ಕೇಳಿ ಅಕ್ಷರಕ್ಕೆ ಅಕ್ಷರ ಬರೆದು, ಆಮೇಲೆ ಹೋಲಿಸಿ. ಇಡೀ ಗಂಟೆ ಹಿನ್ನೆಲೆಯಲ್ಲಿ ರೇಡಿಯೋ ಹಾಕಿಕೊಂಡು ಬೇರೆ ಕೆಲಸ ಮಾಡುವುದಕ್ಕಿಂತ ಆ ಒಂದು ನಿಮಿಷ ಮೇಲು. ಟಿವಿ5ಮೋಂದ್ ವಾಹಿನಿಯ ಕಲಿಕಾ ತಾಣದಲ್ಲಿ ಮಟ್ಟಕ್ಕೆ ತಕ್ಕ ವೀಡಿಯೋ ಅಭ್ಯಾಸಗಳಿವೆ.

ಹಂತ 6: ಬಾಯಿ

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿತವರು ಅದನ್ನು ಕಳೆದುಕೊಳ್ಳುತ್ತಾರೆ. ಫ್ರೆಂಚ್‌ನ ತ, ದ ನಮ್ಮ ದಂತ್ಯ ತ, ದಗಳೇ. ಪ, ಕ ಕೂಡ ನಮ್ಮಂತೆ ಉಸಿರು ಹೊಮ್ಮದವು. ಟ, ಡ ತರಬೇಡಿ. ಕಷ್ಟ ಇರುವುದು ಕನ್ನಡ ಲಿಪಿಗೆ ಸಿಗದ ಒಂದು ಸ್ವರದಲ್ಲಿ: ತುಟಿಯನ್ನು 'ಊ' ಎನ್ನುವಂತೆ ದುಂಡಗೆ ಮಾಡಿ, ನಾಲಿಗೆಯನ್ನು 'ಈ' ಎನ್ನುವ ಜಾಗದಲ್ಲಿಡಿ. 'ಮೇಲೆ' ಮತ್ತು 'ಕೆಳಗೆ' ಎಂಬ ಫ್ರೆಂಚ್ ಪದಗಳ ನಡುವೆ ಇರುವ ವ್ಯತ್ಯಾಸ ಈ ಸ್ವರವೊಂದೇ.

ತರಗತಿಯಲ್ಲಿ 'ಎಕ್ಸ್‌ಪೊಝೆ' ಎಂಬ ಮೌಖಿಕ ಪ್ರಬಂಧ ಮಂಡಿಸುವಾಗ ಹಾಳೆ ನೋಡಿ ಓದಬೇಡಿ. ಮುಖ್ಯಾಂಶಗಳು ಮತ್ತು ಜೋಡಿಸುವ ಪದಗಳಷ್ಟೇ ಹಾಳೆಯಲ್ಲಿರಲಿ. ಪ್ರಾಧ್ಯಾಪಕರಿಗೆ 'ನೀವು' ಎನ್ನುವ 'ವೂ' ಎಂದೇ ಹೇಳಿ, ಅವರಾಗಿ ಬೇಡ ಎನ್ನುವ ತನಕ.

ಹಂತ 7: ಪ್ರಮಾಣಪತ್ರ, ವಿನಿಮಯ ಸೆಮಿಸ್ಟರ್

ಡೆಲ್ಫ್ ಬಿ2ರವರೆಗೆ, ಡಾಲ್ಫ್ ಸಿ1 ಮತ್ತು ಸಿ2ಕ್ಕೆ. ಸಿ1ರವರೆಗೆ ನಾಲ್ಕು ವಿಭಾಗಕ್ಕೆ 25ರಂತೆ 100 ಅಂಕ, ತೇರ್ಗಡೆಗೆ 50, ಆದರೆ ಯಾವ ವಿಭಾಗದಲ್ಲೂ 5ಕ್ಕಿಂತ ಕಡಿಮೆ ಬರುವಂತಿಲ್ಲ. ಈ ಡಿಪ್ಲೊಮಾಗಳಿಗೆ ಅವಧಿ ಮಿತಿಯಿಲ್ಲ. ಮಟ್ಟವನ್ನಷ್ಟೇ ಅಳೆಯುವ ಟಿಸಿಎಫ್ ಪರೀಕ್ಷೆಯ ಫಲಿತಾಂಶ ಎರಡೇ ವರ್ಷ ನಡೆಯುತ್ತದೆ, ಹಾಗಾಗಿ ಅರ್ಜಿ ಹಾಕುವ ಕಾಲ ನೋಡಿ ಬರೆಯಿರಿ. ಫ್ರೆಂಚ್ ಮಾಧ್ಯಮದಲ್ಲಿ ಪದವಿ ಓದಲು ಫ್ರಾನ್ಸಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಬಿ2 ಕೇಳುತ್ತವೆ, ಕೆಲವು ವಿಷಯಗಳಿಗೆ ಸಿ1.

ಅಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ಸಿಕ್ಕರೆ ಎರಡು ಬಗೆಯ ತರಗತಿ ಎದುರಾಗುತ್ತದೆ. 'ಕೂರ್ ಮಾಝಿಸ್ತ್ರಾಲ್' ದೊಡ್ಡ ಸಭಾಂಗಣದ ಉಪನ್ಯಾಸ, 'ತೆ ದೆ' ಎಂದು ಕರೆಯುವುದು ಸಣ್ಣ ಗುಂಪಿನಲ್ಲಿ ನಡೆಯುವ ಅಭ್ಯಾಸ. ಉಪನ್ಯಾಸದಲ್ಲಿ ಸ್ಲೈಡುಗಳನ್ನು ನಂಬಿಕೊಳ್ಳಬೇಡಿ. ಎಷ್ಟೋ ಪ್ರಾಧ್ಯಾಪಕರು ಎರಡು ಗಂಟೆ ಬರೀ ಮಾತಾಡುತ್ತಾರೆ. ಟಿಪ್ಪಣಿ ಬರೆಯುವ ವೇಗಕ್ಕೆ ಫ್ರೆಂಚ್ ವಿದ್ಯಾರ್ಥಿಗಳ ಸಂಕ್ಷೇಪಗಳನ್ನು ಮೊದಲ ವಾರವೇ ಪಕ್ಕದವರಿಂದ ಕಲಿತುಕೊಳ್ಳಿ. 'ಸಿಯೋಂ' ಎಂಬ ಬಾಲಕ್ಕೆ ಅವರು ಪದದ ಕೊನೆಯಲ್ಲಿ ಮೇಲ್ಗಡೆ ಒಂದು ಸಣ್ಣ ಸೊನ್ನೆ ಹಾಕಿ ಮುಂದೆ ಹೋಗುತ್ತಾರೆ. ತೆ ದೆಗೆ ಹಾಜರಿ ಸಾಮಾನ್ಯವಾಗಿ ಕಡ್ಡಾಯ, ವಿದೇಶಿ ವಿದ್ಯಾರ್ಥಿಗೆ ಸ್ನೇಹ ಸಿಗುವುದೂ ಅಲ್ಲೇ.

ಅಂಕ 20ಕ್ಕೆ. 10 ಬಂದರೆ ತೇರ್ಗಡೆ, 12ಕ್ಕೆ 'ಅಸೆ ಬಿಯಾಂ', 14ಕ್ಕೆ 'ಬಿಯಾಂ', 16ಕ್ಕೆ 'ತ್ರೆ ಬಿಯಾಂ'. ಸಾಹಿತ್ಯದ ಪ್ರಬಂಧಕ್ಕೆ 11 ಬಂದಿದೆ ಎಂದು ಕೊರಗುವ ಮುಂಚೆ ಪಕ್ಕದ ಫ್ರೆಂಚ್ ವಿದ್ಯಾರ್ಥಿಗೆ ಎಷ್ಟು ಬಂತು ಕೇಳಿ. ಹೊರಡುವ ಮೊದಲೇ ಈ ಅಂಕಗಳನ್ನು ನಿಮ್ಮ ವಿಶ್ವವಿದ್ಯಾಲಯ ಯಾವ ಕೋಷ್ಟಕದಿಂದ ಪರಿವರ್ತಿಸುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಶೇಕಡಾ ಲೆಕ್ಕದಲ್ಲಿ ನೇರ ಗುಣಿಸಿದರೆ 14 ಎಂಬ ಒಳ್ಳೆಯ ಅಂಕ 70 ಆಗಿ ಇಳಿಯುತ್ತದೆ, ವಾಪಸ್ ಬಂದ ಮೇಲೆ ಅದನ್ನು ಸರಿಪಡಿಸಲು ಕಚೇರಿ ಅಲೆಯಬೇಕಾಗುತ್ತದೆ.